ನಲವತ್ತೆರಡಕ್ಕೆ ನಿವೃತ್ತಳಾದ ನರ್ತಕಿ

ಅಮೆರಿಕದ ರಾಕ್‌ವಿಲ್‌ನಲ್ಲಿ ನನ್ನ ಮಗಳಿಗೆ ಬ್ಯಾಲೆ ಕಲಿಸುತ್ತಿದ್ದ ಫ್ರೆಂಚ್ ಹೆಂಗಸು ಒಂದು ಕಾಲಕ್ಕೆ ಪ್ಯಾರಿಸ್ಸಿನ ಮುಖ್ಯ ನರ್ತಕಿಯರಲ್ಲೊಬ್ಬರು. ಎಂಟನೆಯ ವಯಸ್ಸಿಗೆ ಮನೆ ಬಿಟ್ಟು ನೃತ್ಯಶಾಲೆಯ ಹಾಸ್ಟೆಲ್ ಸೇರಿದವರು. ಹಿಂದಿನ ಸಾಲಿನಿಂದ ನಾಯಕಿಯ ಪಾತ್ರಕ್ಕೆ ಬರಲು ಹದಿನೇಳು ವರ್ಷ ಹಿಡಿಯಿತಂತೆ. ನಲವತ್ತೆರಡು ತುಂಬಿದಾಗ ಅಲ್ಲಿನ ನಿಯಮದಂತೆ ನಿವೃತ್ತಿ. ಆಮೇಲೆ ಗಂಡನ ಕೆಲಸದಿಂದಾಗಿ ಇಲ್ಲಿಗೆ ಬಂದು, ದಿನಸಿ ಅಂಗಡಿಯ ಪಕ್ಕದ ಬಾಡಿಗೆ ಕೋಣೆಯಲ್ಲಿ ಪಾಠ ಹೇಳುತ್ತಿದ್ದರು.

ಕೋವಿಡ್ ಮುಗಿದ ಮೇಲೆ ನಮ್ಮ ಕನ್ನಡ ಬಳಗ ಮಕ್ಕಳ ನೃತ್ಯಸ್ಪರ್ಧೆ ಇಟ್ಟುಕೊಂಡಿತು. ನಾನು ಕಮಿಟಿಯಲ್ಲಿದ್ದೆ. ಅವರನ್ನೇ ತೀರ್ಪುಗಾರರಾಗಿ ಕರೆಸಿದೆ.

ಬಳಗದ ಅಧ್ಯಕ್ಷರು, ನಾವೆಲ್ಲ ಅಂಕಲ್ ಎನ್ನುವವರು, ಹೃದ್ರೋಗ ತಜ್ಞರು. ನಲವತ್ತು ವರ್ಷದಿಂದ ಇಲ್ಲಿದ್ದು, ಮಾತಾಡಿದ್ದೆಲ್ಲ ತಮ್ಮ ಬಗ್ಗೆಯೇ. ಸ್ಪರ್ಧೆಯ ದಿನ ಬಿಸಿಬೇಳೆಭಾತಿನ ತಟ್ಟೆ ಹಿಡಿದು ನರ್ತಕಿಯನ್ನು ಇಂಗ್ಲಿಷಿನಲ್ಲಿ ಕೇಳಿದರು: "ಡ್ಯಾನ್ಸ್ ಸರಿ, ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದಿರಿ?"

"ಡ್ಯಾನ್ಸ್," ಎಂದರು ಆಕೆ.

ಅಂಕಲ್ ನನ್ನ ಕಡೆ ತಿರುಗಿ ನಕ್ಕರು. "ಫಾರ್ಟಿ ಟೂಗೇ ರಿಟೈರ್ ಆದ್ರಂತೆ! ನಮ್ ಹುಡುಗ್ರು ಆ ವಯಸ್ಸಿಗೆ ಕಂಪನೀಲಿ ಡೈರೆಕ್ಟರ್ ಆಗಿರ್ತಾರೆ."

ಆ ಮನುಷ್ಯನ ಮುಖಕ್ಕೆ ಏನಾದರೂ ಹೇಳಬೇಕಿತ್ತು. ನಾನೂ ಹಲ್ಲುಕಿರಿದೆ.

ಆಕೆ ಮೊದಲ ಸ್ಥಾನ ಕೊಟ್ಟದ್ದು ಹೊಸದಾಗಿ ಬಂದ ಕುಟುಂಬದ ಹುಡುಗಿಗೆ. ಅಂಕಲ್‌ರ ಮೊಮ್ಮಗಳು ಕೊನೆಗಿದ್ದಳು. ನನ್ನ ಮಗಳು ಆರನೆಯವಳು. ಆಕೆ ಬರೆದುಕೊಟ್ಟ ಫಲಿತಾಂಶದ ಚೀಟಿ ಓದಿದ ಅಂಕಲ್, "ಇವ್ರಿಗೆ ನಮ್ ಕಲ್ಚರ್ ಏನ್ ಗೊತ್ತು? ಅಡ್ಜಸ್ಟ್ ಮಾಡೋಣ," ಎಂದರು. ಕಮಿಟಿಯ ಮಹಾಶಯರೆಲ್ಲ ತಲೆಯಾಡಿಸಿದರು. ವೇದಿಕೆಯಲ್ಲಿ ಮೊದಲ ಬಹುಮಾನ ಮೊಮ್ಮಗಳಿಗೆ, ಎರಡನೆಯದು ನನ್ನ ಮಗಳಿಗೆ. ಆ ಹುಡುಗಿಗೆ ಮೂರನೆಯದು. ನಾನು ಚಪ್ಪಾಳೆ ತಟ್ಟಿದೆ. ಎರಡನೆಯ ಬಹುಮಾನದ ಆಸೆಗೆ ನನ್ನನ್ನೇ ಎಷ್ಟು ಅಗ್ಗವಾಗಿ ಮಾರಿಕೊಂಡೆ!

ಹೆಸರುಗಳನ್ನು ಕೂಗಿದಾಗಲೇ ನರ್ತಕಿಗೆ ಅರ್ಥವಾಯಿತು. ಸನ್ಮಾನಕ್ಕೆ ಹೊದಿಸಿದ್ದ ಶಾಲನ್ನು ಮಡಚಿ ಕುರ್ಚಿಯ ಮೇಲಿಟ್ಟು, ಯಾರನ್ನೂ ನೋಡದೆ ಹೊರಟುಹೋದರು. "ಎಷ್ಟು ಆರೊಗೆಂಟ್ ನೋಡಿ," ಎಂದಳು ಪಕ್ಕದಲ್ಲಿದ್ದ ಆಂಟಿ. ಮೂವತ್ತು ವರ್ಷ ಕಾಲ್ಬೆರಳ ತುದಿಯಲ್ಲಿ ನಿಂತವರನ್ನು ಅಳೆಯಲು ನಮ್ಮಲ್ಲಿದ್ದದ್ದು ಅದೊಂದೇ ಪದ.

ಕಾರಿನಲ್ಲಿ ಮಗಳು ಬಹುಮಾನದ ಕಪ್ಪನ್ನು ಕಾಲಬಳಿ ಇಟ್ಟುಕೊಂಡು ಕೂತಿದ್ದಳು.

"ಅಮ್ಮಾ, ನಾನು ವಿನ್ ಆಗಿಲ್ಲ. ಯು ನೋ ದಟ್, ರೈಟ್?"

"ಗೊತ್ತು," ಎಂದೆ.

"ದೆನ್ ವೈ ಡಿಡ್ ಯು ಕ್ಲಾಪ್?"

ಮರುದಿನ ಅವಳೇ ನಿಜಕ್ಕೂ ಗೆದ್ದ ಆ ಹುಡುಗಿಯ ಮನೆಗೆ ಹೋಗಿ ಕಪ್ ಕೊಟ್ಟು ಬಂದಳು. ನಾನು ಕಾರಿನಿಂದ ಇಳಿಯಲೂ ಇಲ್ಲ.