ಎಂಟು ನಿಮಿಷದ ರೋಗಿಗಳು

ಆಸ್ಟ್ರೇಲಿಯಾದಲ್ಲಿ ನಾನು ನೋಡಿದ ಮೊದಲ ರೋಗಿಗೆ ಯಾವ ಕಾಯಿಲೆಯೂ ಇರಲಿಲ್ಲ. ಬ್ರಿಸ್ಬೇನ್‌ನ ಪರೀಕ್ಷಾ ಕೇಂದ್ರವೊಂದರಲ್ಲಿ ಆಕೆ ಎದೆಯ ಗಂಟಿನ ವರದಿ ಕೇಳಲು ಕುಳಿತಿದ್ದಳು. ಕ್ಯಾನ್ಸರ್ ಎಂದು ಹೇಳಿದೆ. ಆಕೆಯ ಕಣ್ಣಿಂದ ನೀರು ಇಳಿಯಿತು. ನಾನು ಶಸ್ತ್ರಚಿಕಿತ್ಸೆ, ಔಷಧ, ಮುಂದಿನ ತಪಾಸಣೆ ಎಲ್ಲವನ್ನೂ ಒಂದೂ ತಪ್ಪಿಲ್ಲದೆ ಒಪ್ಪಿಸಿದೆ. ಗಂಟೆ ಹೊಡೆಯಿತು. ಆಕೆ ಕಣ್ಣೊರೆಸಿಕೊಂಡು, ಕುರ್ಚಿ ಸರಿಮಾಡಿಕೊಂಡು, ಮುಂದಿನ ಅಭ್ಯರ್ಥಿಗಾಗಿ ಕಾಯತೊಡಗಿದಳು. ರೋಗಿಯಾಗಿ ನಟಿಸುವುದೇ ಆಕೆಯ ಕೆಲಸ. ಹೊರದೇಶದಲ್ಲಿ ಓದಿದ ವೈದ್ಯರು ಇಲ್ಲಿ ಕೆಲಸ ಮಾಡಬೇಕಾದರೆ ಇಂಥ ಹಲವು ಕೋಣೆಗಳನ್ನು, ಒಂದೊಂದಕ್ಕೆ ಎಂಟು ನಿಮಿಷದಂತೆ, ದಾಟಬೇಕು.

ನಾನು ದಾಟಲಿಲ್ಲ. ಜ್ಞಾನಕ್ಕೆ ಒಳ್ಳೆಯ ಅಂಕಗಳೇ ಬಂದಿದ್ದವು. ಸೋತಿದ್ದು ರೋಗಿಯೊಂದಿಗಿನ ಮಾತುಕತೆಯಲ್ಲಿ.

ಫಲಿತಾಂಶದ ಪತ್ರದಲ್ಲಿ ಅದನ್ನು ಓದಿ ಅವಮಾನವಾಯಿತು. ನಂಜನಗೂಡಿನ ಕಡೆಯ ಸರ್ಕಾರಿ ಆಸ್ಪತ್ರೆಯಲ್ಲಿ ಒಂಬತ್ತು ವರ್ಷ ರೋಗಿಗಳೊಂದಿಗೆ ಮಾತಾಡಿಯೇ ಬದುಕಿದವಳು ನಾನು. ಬಾಗಿಲಾಚೆ ಸಾಲು ಬೆಳೆಯುತ್ತಿರುತ್ತಿತ್ತು. ನಾಡಿ ಹಿಡಿದು, ಎರಡು ಪ್ರಶ್ನೆ ಕೇಳಿ, "ಈ ಮಾತ್ರೆ ತಗೊಳ್ಳಿ, ಉಪ್ಪು ಕಮ್ಮಿ ಮಾಡಿ" ಎಂದರೆ ಜನ ಕೈಮುಗಿದು ಹೋಗುತ್ತಿದ್ದರು.

ನಾನು ಪಾಸಾಗಿ ಕೆಲಸ ಹಿಡಿದ ಮೇಲೆ ಗಂಡ ಮಂಜು ಮತ್ತು ಮಗಳು ಮೈಸೂರಿನಿಂದ ಬರುವುದೆಂದು ಮಾತಾಗಿತ್ತು. ಅಲ್ಲಿಯವರೆಗೆ ಅಡಿಲೇಡ್‌ನ ಕಿಲ್ಬರ್ನ್‌ನಲ್ಲಿ, ಒಂದು ಹಳೆಯ ಮನೆಯ ಹಿಂಬದಿಯ ಕೋಣೆಯಲ್ಲಿ ಒಬ್ಬಳೇ ಇದ್ದೆ. ಮೈಸೂರಿನಲ್ಲಿ ಭಾನುವಾರವೆಂದರೆ ತರಕಾರಿಯವನ ಕೂಗು, ಪಕ್ಕದ ಮನೆಯ ಟಿವಿ, ಯಾರದೋ ಜಗಳ. ಇಲ್ಲಿ ಬೀದಿಯುದ್ದಕ್ಕೂ ಕಾರುಗಳು ನಿಂತಿರುತ್ತಿದ್ದವು, ಮನುಷ್ಯರಿರುತ್ತಿರಲಿಲ್ಲ. ಬಸ್ಸಿಳಿಯುವಾಗ ಎಲ್ಲರೂ ಚಾಲಕನಿಗೆ ಥ್ಯಾಂಕ್ಯೂ ಹೇಳುವುದು ಇಲ್ಲಿನ ರೂಢಿ. ಎಷ್ಟೋ ರಜಾದಿನಗಳಲ್ಲಿ ನನ್ನ ಬಾಯಿಂದ ಹೊರಟಿದ್ದು ಆ ಒಂದೇ ಮಾತು. ಕರಿಬೇವಿಗೆಂದು ಪ್ರಾಸ್ಪೆಕ್ಟ್ ರಸ್ತೆಯ ಇಂಡಿಯನ್ ಅಂಗಡಿಗೆ ಹೋದರೆ, ಬೇಕಿಲ್ಲದ ಸಾಮಾನನ್ನೂ ಎತ್ತಿ ನೋಡುತ್ತಾ ಜನರ ನಡುವೆ ನಿಂತಿರುತ್ತಿದ್ದೆ.

ಹೊಟ್ಟೆಪಾಡಿಗೆ ವೃದ್ಧಾಶ್ರಮವೊಂದರಲ್ಲಿ ಆರೈಕೆಯ ಕೆಲಸ ಹಿಡಿದಿದ್ದೆ. ಸ್ನಾನ ಮಾಡಿಸುವುದು, ಊಟ ಕೊಡುವುದು, ಹಾಸಿಗೆ ಬದಲಿಸುವುದು. ಡಾಕ್ಟರ್ ಎಂದು ಯಾರಿಗೂ ಹೇಳಿರಲಿಲ್ಲ. ಅಲ್ಲಿದ್ದವಳು ಜೋನ್, ಕಾರಿನ ಕಾರ್ಖಾನೆಯಲ್ಲಿ ಸೀಟು ಹೊಲಿದು ನಿವೃತ್ತಳಾದ ಮುದುಕಿ. ಒಂದು ಬೆಳಗ್ಗೆ ಸ್ನಾನಕ್ಕೆ ಏಳಲು ಒಪ್ಪಲಿಲ್ಲ. ಚರ್ಮದ ಸೋಂಕು, ಬೆನ್ನಿನ ಹುಣ್ಣು ಎಂದು ನಾನು ವಿವರಿಸುತ್ತಲೇ ಇದ್ದೆ.

"ಎಲ್ಲಾ ನೀನೇ ಹೇಳ್ತೀಯ. ಒಂದು ದಿನವಾದ್ರೂ ನನ್ನನ್ನ ಕೇಳಿದೀಯಾ?" ಎಂದಳು.

"ಏನು ಕೇಳಬೇಕಿತ್ತು?"

"ಯಾಕೆ ಬೇಡ ಅಂತ. ನೀರು ತಣ್ಣಗಿರುತ್ತೆ, ಅದಕ್ಕೆ. ಅರ್ವೋ ಮಾಡಿಸು, ಬರ್ತೀನಿ." ಅರ್ವೋ ಎಂದರೆ ಇಲ್ಲಿಯವರ ಬಾಯಲ್ಲಿ ಮಧ್ಯಾಹ್ನ.

ನಾನು ಹಾಸಿಗೆಯ ಅಂಚಿನಲ್ಲಿ ಕುಳಿತುಬಿಟ್ಟೆ. ಮಾತುಕತೆಯಲ್ಲಿ ಎಲ್ಲಿ ತಪ್ಪಿದೆ ಎಂದು ಫಲಿತಾಂಶದ ಪತ್ರ ತಿಳಿಸದ್ದನ್ನು ಅವಳು ತಿಳಿಸಿದ್ದಳು. ಅಂದು ಮಧ್ಯಾಹ್ನ, ಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿಸುತ್ತಾ ಅವಳಿಗೆ ಎಲ್ಲವನ್ನೂ ಹೇಳಿದೆ. ಈ ದೇಶದಲ್ಲಿ ನಾನು ಯಾರೆಂದು ಹೇಳಿಕೊಂಡಿದ್ದು ಅದೇ ಮೊದಲು.

ಅಂದಿನಿಂದ ನನ್ನ ಕೆಲಸ ಮುಗಿದ ಮೇಲೆ, ಪರೀಕ್ಷೆಯ ಅಭ್ಯಾಸಕ್ಕೆಂದು ಜೋನ್ ನನ್ನ ರೋಗಿಯಾಗಿ ನಟಿಸುತ್ತಿದ್ದಳು. ಒಂದು ದಿನ ಸಕ್ಕರೆ ಕಾಯಿಲೆ, ಇನ್ನೊಂದು ದಿನ ಸಿಗರೇಟು ಬಿಡಲಾರದ ಲಾರಿ ಚಾಲಕ. ನಾನು ಮೂರು ವಾಕ್ಯ ದಾಟಿದರೆ ಕಣ್ಣು ಮುಚ್ಚಿ ಗೊರಕೆ ಹೊಡೆಯುತ್ತಿದ್ದಳು. ಫೋನಿನಲ್ಲಿ ಮಂಜು, "ಯಾಕೋ ಇವತ್ತು ನಿನ್ನ ದನಿ ಚೆನ್ನಾಗಿದೆ" ಎಂದ.

ಜೋನ್‌ಗೆ ಕೆಮ್ಮು ಬಿಡದೆ ಸ್ಕ್ಯಾನ್ ಮಾಡಿಸಿದ್ದರು; ಒಂದು ದಿನ ಅದರ ವರದಿ ಬಂತು. ಆಶ್ರಮಕ್ಕೆ ಬರುತ್ತಿದ್ದ ಡಾಕ್ಟರು ಶ್ವಾಸಕೋಶದ ಗಡ್ಡೆಯ ವಿಷಯ ಹೇಳಿ ಹೋದರು. ನಾನು ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಯಾವ ಹಂತ, ಎಷ್ಟು ಕಾಲ ಎಂಬುದೆಲ್ಲ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಜೋನ್, ಈಗ ನಿಮಗೆ ಏನು ಬೇಕು?"

"ಕಿಟಕಿ ತೆಗಿ. ಸುಮ್ಮನೆ ಕೂತಿರು."

ಕೂತೆ. ಚಹಾ ಆರಿತು. ಬಹಳ ಹೊತ್ತಾದ ಮೇಲೆ, "ಇದು ನಟನೆ ಅಲ್ಲ" ಎಂದಳು.

"ಗೊತ್ತು."

"ಆದ್ರೂ ಇವತ್ತು ಪಾಸು" ಎಂದು ನನ್ನ ಕೈ ಹಿಡಿದುಕೊಂಡಳು.

ಎರಡನೆಯ ಪರೀಕ್ಷೆಗೆ ಮೂರು ವಾರ ಇರುವಾಗ ಅವಳು ತೀರಿಕೊಂಡಳು. ಅಂದೇ ಕೋಣೆ ಖಾಲಿ ಮಾಡಿದರು. ಹೋಗಿ ಅಳಲು ಆ ಊರಿನಲ್ಲಿ ನನ್ನವರ ಒಂದು ಮನೆಯೂ ಇರಲಿಲ್ಲ. ಉದ್ಯಾನದ ಬೆಂಚಿನ ಮೇಲೆ ಕುಳಿತು ಮಂಜುಗೆ ಫೋನ್ ಮಾಡಿದೆ. "ವಾಪಸ್ ಬಂದ್ಬಿಡ್ತೀಯಾ?" ಎಂದು ಕೇಳಿದ. ಇಲ್ಲ ಎಂದೆ.

ಬ್ರಿಸ್ಬೇನ್‌ನಲ್ಲಿ ಈ ಸಲ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನ ಒಂದು ಕನ್ನಡ ಮನೆಯಲ್ಲಿ ಉಳಿದಿದ್ದೆ. ಬೆಳಗ್ಗೆ ಆ ಮನೆಯ ಸುಧಾ ಆಂಟಿ ಚಿತ್ರಾನ್ನ ಬಡಿಸಿ, "ಗಾಬರಿ ಆಗ್ಬೇಡ, ನಿಧಾನಕ್ಕೆ ಮಾಡು" ಎಂದು ರೈಲು ಹತ್ತಿಸಿದರು. ಪರೀಕ್ಷೆಯ ಮೊದಲ ಕೋಣೆಯಲ್ಲಿ ಕೋಪಗೊಂಡ ತಂದೆಯೊಬ್ಬನಿದ್ದ. ನಾನು ಪ್ರಶ್ನೆ ಕೇಳಿ ಸುಮ್ಮನಾದೆ. ಅವನು ಹೇಳುತ್ತಾ ಹೋದ.

ಪಾಸಾದೆ. ಕೆಲಸ ಪರ್ತ್‌ನ ಆಸ್ಪತ್ರೆಯಲ್ಲಿ ಸಿಕ್ಕಿತು. ಮಂಜು ಮತ್ತು ಮಗಳು ಬಂದು ಎಂಟು ತಿಂಗಳಾಯಿತು. ರೋಗಿಗಳ ಮಾತನ್ನು ಚೆನ್ನಾಗಿ ಕೇಳಿಸಿಕೊಳ್ಳುತ್ತೇನೆ ಎನ್ನುತ್ತಾರೆ ಸಹೋದ್ಯೋಗಿಗಳು.

ಕಳೆದ ವಾರ ಊಟದ ಬಿಡುವಿನಲ್ಲಿ ಅಮ್ಮ ಮೈಸೂರಿನಿಂದ ಫೋನ್ ಮಾಡಿದಳು. ಮಂಡಿಯ ಆಪರೇಷನ್ ಮಾಡಿಸಬೇಕೆಂದು ಅಲ್ಲಿಯ ಡಾಕ್ಟರು ಹೇಳಿದ್ದರಂತೆ.

"ನಿಂಗೇನನ್ಸುತ್ತಮ್ಮ? ನಿಂಗೆ ಯಾವುದರ ಭಯ?" ಎಂದು ಕೇಳಿದೆ.

"ಯಾಕೆ ಹಿಂಗೆ ಹೊರಗಿನೋರ ಥರ ಮಾತಾಡ್ತೀಯೇ? ನಂಗೆ ಗೊತ್ತಿದ್ರೆ ನಿಂಗ್ಯಾಕೆ ಫೋನ್ ಮಾಡ್ತಿದ್ದೆ?"

"ಮಾಡಿಸ್ಕೊ. ಮುಂದಿನ ತಿಂಗಳೇ ಮಾಡಿಸ್ಕೊ. ಮೆಟ್ಲು ಹತ್ಬೇಡ" ಎಂದೆ.

"ಹಾಂ, ಸರಿ" ಎಂದು ಸಮಾಧಾನದಿಂದ ಫೋನ್ ಇಟ್ಟಳು.

ಹೊರಗೆ ಮುಂದಿನ ರೋಗಿ ಕಾಯುತ್ತಿದ್ದರು. ಅಮ್ಮನಿಗೆ ಅಪ್ಪಣೆ ಕೊಟ್ಟ ಆ ನಂಜನಗೂಡಿನ ದನಿ ಇನ್ನೂ ಗಂಟಲಲ್ಲೇ ಇತ್ತು. ಅದು ಇಳಿಯಲೆಂದು ಒಂದು ಲೋಟ ನೀರು ಕುಡಿದೆ. ಆದರೆ ಪೂರ್ತಿ ಇಳಿದುಹೋಗುವುದು ನನಗೆ ಬೇಕಿರಲಿಲ್ಲ. ಬಾಗಿಲು ತೆರೆದೆ.