ಮುತ್ತಜ್ಜಿಯ ತವರು

ಬ್ಯಾಂಕುಗಳು ಮುಳುಗಿದ ಆ ವರ್ಷ ನನ್ನ ಕೆಲಸ ಹೋಗಿತ್ತು. ವೆಸ್ಟ್ ವಿಂಡ್ಸರ್‌ನಲ್ಲಿ ನಮ್ಮ ಪಕ್ಕದ ಅಮೆರಿಕನ್ ಅಜ್ಜಿಯ ಮನೆಯೇ ಸಾಲಕ್ಕೆ ಕೈಬಿಟ್ಟುಹೋಗುವುದರಲ್ಲಿತ್ತು. ದೂರದ ಒಹಾಯೋದ ಮಗಳ ಮನೆಗೆ ಹೊರಡುವ ಮೊದಲು ಅವರಿಗೆ ಒಂದೇ ಹಟ: ಅಮೆರಿಕ ಇನ್ನೂ ದೇಶವೇ ಆಗದಿದ್ದಾಗ ಬದುಕಿದ್ದ ತಮ್ಮ ವಂಶದ ಮುತ್ತಜ್ಜಿಯೊಬ್ಬಳು ಯಾರ ಮಗಳೆಂದು ತಿಳಿಯಬೇಕು, ಅವಳ ತಾಯಿಯ ಗೋರಿಗೊಂದು ಹೂವಿಡಬೇಕು. ಅಜ್ಜಿಯ ಕಣ್ಣು ಮಂಜಾಗಿದ್ದರಿಂದ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

ಮುತ್ತಜ್ಜಿಯ ಕಲ್ಲು, ಅವಳ ನಂತರದ ತಾಯಿ-ಮಗಳಂದಿರ ಕಲ್ಲುಗಳ ಜೊತೆ, ಊರಿನ ಹಳೆಯ ಚರ್ಚಿನ ಹಿಂದಿತ್ತು. ಮೇಲೆ ಅವಳ ಹೆಸರು, ಕೆಳಗೆ 'ಇಂಥವನ ಹೆಂಡತಿ'. ಅಷ್ಟೇ. ನನಗೆ ಮೈಯೆಲ್ಲ ಉರಿಯಿತು. ಧಾರವಾಡದವಳು ನಾನು, ಮದುವೆಯ ದಿನ ಅಕ್ಕಿಯಲ್ಲಿ ಹೊಸ ಹೆಸರು ಬರೆಸಿಕೊಂಡು ಹಳೆಯದನ್ನು ಮರೆತವಳ ಮೊಮ್ಮಗಳು.

ಲೈಬ್ರರಿಯಲ್ಲಿ ಕೂತು ಸುತ್ತಲಿನ ಊರುಗಳ ಚರ್ಚಿನ ದಾಖಲೆಗಳನ್ನೆಲ್ಲ ಜಾಲಾಡಿದೆ. ಸಿಗಲಿಲ್ಲ. ಬರಬರುತ್ತ ಆ ಮುತ್ತಜ್ಜಿಯೇ ನನ್ನ ಬೆನ್ನು ಹತ್ತಿದಳು. ಮಟಮಟ ಮಧ್ಯಾಹ್ನ ಹುಳಿಗೆ ಒಗ್ಗರಣೆ ಹಾಕುವಾಗ ಹಿಂದೆ ಯಾರೋ ನಿಂತಂತಾಗುತ್ತಿತ್ತು. ತಿರುಗಿದರೆ ಯಾರೂ ಇಲ್ಲ. ಹೆದರಿಕೆಗಿಂತ ಸಂಕಟವೇ ಹೆಚ್ಚಾಗುತ್ತಿತ್ತು. ತವರಿಲ್ಲದ ಹೆಣ್ಣು ಇನ್ನೆಲ್ಲಿಗೆ ಹೋದಾಳು?

"ಮೊದ್ಲು ಜಾಬ್ ಹುಡುಕು. ಸತ್ತಾಕಿ ಗೊಡವಿ ನಿನಗ್ಯಾಕ?" ಎಂದು ನನ್ನ ಗಂಡ ರೇಗುತ್ತಿದ್ದರು.

"ನಮ್ಮ ಚರ್ಚಲ್ಲೇ ಆ ಹೆಸರಿನ ಹುಡುಗಿ ಹುಟ್ಟಿರಲಿಲ್ವಾ?" ಅಜ್ಜಿ ಒಂದು ದಿನ ಕೇಳಿದರು.

"ಒಬ್ಬಳಿದ್ದಾಳೆ. ಆದ್ರೆ ಅವಳು ನಿಮ್ಮ ಮುತ್ತಜ್ಜಿಯ ಗಂಡನಿಗೆ ಚಿಕ್ಕಪ್ಪನ ಮಗಳು. ತಂಗಿಯಾದಳಲ್ಲ, ಅದಕ್ಕೇ ಬಿಟ್ಟೆ."

"ತಂಗಿ ಹೇಗಾಗ್ತಾಳೆ? ಕಸಿನ್! ಆಗೆಲ್ಲ ಮದುವೆ ಆಗ್ತಿದ್ರು."

"ಛೀ!" ಎಂದುಬಿಟ್ಟೆ. ನನ್ನಜ್ಜಿ ಸ್ವಂತ ಸೋದರಮಾವನನ್ನೇ ಮದುವೆಯಾದವಳು ಎಂದು ಹೇಳಿದಾಗ ಅವರೂ ನನ್ನಷ್ಟೇ ಮುಖ ಸಿಂಡರಿಸಿದರು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಓಡಿಸುವ ಬುದ್ಧಿ ಇಬ್ಬರಿಗೂ ಇತ್ತು.

ಮದುವೆ ಹೆಣ್ಣಿನ ಊರಲ್ಲೇ ಆಗಿರಬೇಕೆಂದು ಅದೇ ಚರ್ಚಿನ ಮದುವೆಯ ದಾಖಲೆಯನ್ನು ನಾನು ತೆರೆದಿರಲೇ ಇಲ್ಲ. ಮಾರನೆಯ ದಿನ ಅದರಲ್ಲೇ ಗಂಡಹೆಂಡತಿ ಇಬ್ಬರೂ ಸಿಕ್ಕರು, ಅಪ್ಪಂದಿರ ಹೆಸರಿನ ಸಮೇತ. ಬೇರೆ ಊರುಗಳಲ್ಲಿ ನಾನು ಹುಡುಕಿದ ತವರು ಇಲ್ಲೇ ಇತ್ತು. ಹುಡುಗಿ ಎಲ್ಲಿಗೂ ಹೋಗಿರಲೇ ಇಲ್ಲ.

ಅವಳ ತಾಯಿಯ ಕಲ್ಲು ಪಕ್ಕದ ಸಾಲಿನಲ್ಲೇ ಇತ್ತು. ಅಜ್ಜಿ ಬಗ್ಗಿ ಹೂವಿಟ್ಟರು. ನನಗಂತೂ ಎದೆ ಹಗುರಾಯಿತು. ಅವರಿಗೂ ಹಾಗೇ ಆಗಿರಬೇಕು ಎಂದುಕೊಂಡೆ. ಅವರು ಹುಲ್ಲಿನ ಮೇಲೆ ನಡೆಯುತ್ತ ಕೊನೆಯ ಸಾಲಿನ ಹೊಸ ಕಲ್ಲೊಂದರ ಮುಂದೆ ನಿಂತರು. ಅದು ಅವರ ತಾಯಿಯದು.

"ಇಷ್ಟು ತಲೆಮಾರಲ್ಲಿ ಯಾರೂ ಅಮ್ಮನ ಗೋರಿ ಬಿಟ್ಟು ಹೋಗಿರಲಿಲ್ಲ ಅಂತಾಯ್ತು," ಎಂದರು. "ನಾನೇ ಮೊದಲು."