ಕುಡುಗೋಲು ಕೆಳಗಿಟ್ಟ ರಾಹೇಲಮ್ಮ

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ ಅದು. ಸರ್ಕಾರಿ ಆಸ್ಪತ್ರೆಯ ನರ್ಸಿಂಗ್ ಸೂಪರಿಂಟೆಂಡೆಂಟ್ ಹುದ್ದೆಯಿಂದ ನಾನು ನಿವೃತ್ತಳಾಗಿ ಬಹಳ ಕಾಲವಾಗಿತ್ತು. ಮನೆಯಲ್ಲಿ ಕೂತು ಗುಲಾಬಿ ಗಿಡಗಳಿಗೆ ಉಪದೇಶ ಮಾಡುವುದಕ್ಕಿಂತ ಇದು ವಾಸಿ ಎಂದುಕೊಂಡು ಕಡೂರಿನ ಒಂದು ಹೋಮ್ ಕೇರ್ ತಂಡಕ್ಕೆ ಸೀನಿಯರ್ ನರ್ಸ್ ಆಗಿ ಸೇರಿದ್ದೆ. ನಮ್ಮದು ಪ್ಯಾಲಿಯೇಟಿವ್ ಕೇರ್. ಅಂದರೆ ವಾಸಿಯಾಗದ ಕಾಯಿಲೆಯವರ ಮನೆಗೇ ಹೋಗಿ ನೋವು ಇಳಿಸುವುದು, ಗಾಯ ತೊಳೆಯುವುದು, ಮನೆಯವರ ಜೊತೆ ಒಂದಿಷ್ಟು ಹೊತ್ತು ಕೂರುವುದು. ವಾರದ ಮೊದಲರ್ಧ ಕಡೂರು ತಾಲ್ಲೂಕು, ಆಮೇಲೆ ತರೀಕೆರೆ, ಲಿಂಗದಹಳ್ಳಿ, ಶನಿವಾರ ಅಜ್ಜಂಪುರ. ಒಂದು ಹಳೇ ಜೀಪು, ಡ್ರೈವರ್, ನಾನು. ಡಾಕ್ಟರು ಹೆಚ್ಚಿನ ದಿನ ಫೋನಿನಲ್ಲಿ.

ಸರ್ವಿಸಿನಲ್ಲಿ ನನಗೆ ಶಾಲು ಹೊದಿಸಿದ್ದಾರೆ, ಭಾಷಣ ಮಾಡಿದ್ದಾರೆ, ಗಾಜಿನ ಮೆಮೆಂಟೋಗಳು ಷೋಕೇಸಿನಲ್ಲಿ ಧೂಳು ತಿನ್ನುತ್ತಿವೆ. ಅವನ್ನೆಲ್ಲ ಯಾರಿಗಾದರೂ ಕೊಟ್ಟುಬಿಡಬಲ್ಲೆ. ಪಂಚನಹಳ್ಳಿ ಕಡೆಯ ರಾಹೇಲಮ್ಮನ ಕೇಸನ್ನು ಮಾತ್ರ ಕೊಡಲಾರೆ. ಐ ಆಮ್ ಪ್ರೌಡ್ ಆಫ್ ಇಟ್, ಆಂಡ್ ಐ ವಿಲ್ ಸೇ ಸೋ.

ರಾಹೇಲಮ್ಮನಿಗೆ ಎಪ್ಪತ್ತರ ಹತ್ತಿರ. ಊರ ಕೊನೆಯಲ್ಲಿದ್ದ ನಾಲ್ಕಾರು ಕ್ರೈಸ್ತ ಮನೆಗಳಲ್ಲಿ ಅವರದೊಂದು. ಗಂಡ ಹೋಗಿ ವರ್ಷಗಳಾಗಿದ್ದವು. ಮಗಳು ಸುನೀತ ಜೊತೆಗಿದ್ದಳು. ಎದೆಯ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ದೊಡ್ಡ ಆಸ್ಪತ್ರೆಯವರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದ ಮೇಲೆ ಸುನೀತ ನಮಗೆ ಫೋನ್ ಮಾಡಿದ್ದಳು.

ನಾನು ಮೊದಲ ಸಲ ಹೋದಾಗ ರಾಹೇಲಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದರು. ಪಕ್ಕದಲ್ಲಿ ಅವರ ವಯಸ್ಸಿನ ಇನ್ನೊಬ್ಬ ಹೆಂಗಸು, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಕೈಯಲ್ಲಿ ಬೀಸಣಿಗೆ. ಪಕ್ಕದ ಹೊಲದ ಪಾರ್ವತಮ್ಮ. ಇಬ್ಬರೂ ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಜೊತೆ.

"ಏನೇ, ಸಿಸ್ಟರ್ ಬಂದವ್ರೆ, ಈ ಕಡೆ ತಿರುಗೇ. ಗೋಡೆ ಏನ್ ಇಂಜೆಕ್ಷನ್ ಕೊಡ್ತದಾ ನಿಂಗೆ?" ಎಂದರು ಪಾರ್ವತಮ್ಮ.

ನೋವು ಎಷ್ಟಿದೆ ಎಂದು ಅಳೆಯಲು ನಮ್ಮಲ್ಲಿ ಪೇನ್ ಸ್ಕೋರ್ ಎಂಬ ಪದ್ಧತಿ ಇದೆ. ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ತಡೆಯಲಾರದಷ್ಟು. ಓದು ಬಾರದವರು ಬೆರಳು ತೋರಿಸುತ್ತಾರೆ. ರಾಹೇಲಮ್ಮ ಎರಡು ಕೈಯ ಬೆರಳೂ ಬಿಚ್ಚಿ, ಯೋಚನೆ ಮಾಡಿ, ಒಂದನ್ನು ಮಡಚಿದರು. ಒಂಬತ್ತು. ಡಾಕ್ಟರಿಗೆ ಫೋನ್ ಮಾಡಿದೆ. ಮಾರ್ಫಿನ್ ಮಾತ್ರೆ ಶುರು ಮಾಡಿ ಎಂದರು. ಕ್ಯಾನ್ಸರ್ ನೋವಿಗೆ ಅದು ಒಳ್ಳೆಯ ಔಷಧಿ. ನಾಲ್ಕು ಗಂಟೆಗೊಂದರಂತೆ, ನೋವು ಬರುವ ಮೊದಲೇ ತಗೊಳ್ಳಬೇಕು. ಸುನೀತಳಿಗೆ ಎಲ್ಲ ಹೇಳಿಕೊಟ್ಟು ಹೊರಟೆ.

ಮುಂದಿನ ವಾರ ಹೋದಾಗಲೂ ಒಂಬತ್ತೇ. ಮಾತ್ರೆ ಒಂದೂ ಮುಟ್ಟಿರಲಿಲ್ಲ.

"ಬಾಯಿ ಬಿಡಲ್ಲ ಸಿಸ್ಟರ್," ಸುನೀತ ಕಣ್ಣು ಒರೆಸಿಕೊಂಡಳು. "ರಾತ್ರಿಯೆಲ್ಲ ನರಳ್ತಾಳೆ. ಮಾತ್ರೆ ಹಿಡ್ಕೊಂಡು ಹೋದ್ರೆ ತುಟಿ ಬಿಗಿ ಮಾಡ್ಕೊಂಡ್ಬಿಡ್ತಾಳೆ."

ಮಾರ್ಫಿನ್ ಎಂದರೆ ಜನಕ್ಕೆ ಚಟದ ಭಯ. ಅದೇ ಇರಬೇಕೆಂದು ನನಗೆ ಬಾಯಿಪಾಠವಾಗಿದ್ದ ಉಪನ್ಯಾಸ ಕೊಟ್ಟೆ. ನೋವಿಗೆ ಲೆಕ್ಕವಾಗಿ ಕೊಟ್ಟರೆ ಚಟವಾಗುವುದಿಲ್ಲ, ಆಯಸ್ಸು ಕಡಿಮೆಯಾಗುವುದಿಲ್ಲ, ಇತ್ಯಾದಿ. ರಾಹೇಲಮ್ಮ ಮರ್ಯಾದೆಯಿಂದ ಎಲ್ಲ ಕೇಳಿ, "ಕಾಫಿ ಕುಡ್ದು ಹೋಗಿ ಸಿಸ್ಟರ್" ಎಂದರು. ಅಷ್ಟೇ.

ಆಗ ಪಾರ್ವತಮ್ಮನ ಬೀಸಣಿಗೆ ನಿಂತಿತು. "ಅವಳು ಹೇಳಲ್ಲ ಕಣ್ರೀ, ನಾನೇ ಹೇಳ್ತೀನಿ. ಮುಯ್ಯಾಳು ಹೋಗ್ತಾವ್ಳಂತೆ ಇವಳು!"

"ಲೇ ಪಾರ್ವತಿ, ಸುಮ್ಕಿರು."

"ಯಾಕ್ ಸುಮ್ಕಿರ್ಲಿ? ನಿನ್ ನರಳಾಟ ನನ್ನ ಮನೆಗಂಟ ಕೇಳ್ತದೆ."

ಮುಯ್ಯಾಳು ಎಂದರೆ ನಮ್ಮ ಕಡೆಯ ರೈತರಿಗೆ ಹೇಳಬೇಕಾಗಿಲ್ಲ. ಇವತ್ತು ನೀನು ನನ್ನ ಹೊಲಕ್ಕೆ ಬಾ, ನಾಳೆ ನಾನು ನಿನ್ನ ಹೊಲಕ್ಕೆ ಬರುತ್ತೇನೆ. ಕೂಲಿಯಿಲ್ಲ, ಆಳಿಗೆ ಆಳು. ತೀರಿಸದೆ ಉಳಿಸಿಕೊಂಡ ಮನೆಯ ಹೆಸರು ಊರಿನಲ್ಲಿ ಕೆಡುತ್ತದೆ. ರಾಹೇಲಮ್ಮ ತಮ್ಮ ಬದುಕಿನಲ್ಲಿ ಒಂದು ಮುಯ್ಯಾಳನ್ನೂ ಉಳಿಸಿಕೊಂಡವರಲ್ಲ. ಅದು ಅವರ ಹೆಮ್ಮೆ. ಈಗ ಹಾಸಿಗೆಯಲ್ಲಿ ಬಿದ್ದುಕೊಂಡು ಅವರು ಕಂಡುಕೊಂಡಿದ್ದ ಲೆಕ್ಕ ಇದು.

"ಯೇಸುಸ್ವಾಮಿ ನನ್ ಪಾಪಕ್ಕೆ ಶಿಲುಬೆ ಮೇಲೆ ನೋವು ತಿಂದ್ನಲ್ಲ ಸಿಸ್ಟರ್," ಎಂದರು, ಮಾತಿಗೊಮ್ಮೆ ಉಸಿರು ಹಿಡಿದು. "ನನ್ ಹೊಲಕ್ಕೆ ಬಂದ. ನಾನು ಅವನ ಹೊಲಕ್ಕೆ ಹೋಗ್ಬ್ಯಾಡ್ವಾ? ಈ ನೋವೇ ನನ್ ಆಳು. ಮಾತ್ರೆ ನುಂಗಿದ್ರೆ ಅರ್ಧ ದಿನಕ್ಕೇ ಕೆಲಸ ಬಿಟ್ಟು ಬಂದಂಗೆ. ಆಮೇಲೆ ಯಾವ್ ಮುಖ ಇಟ್ಕಂಡು ಅವನ ಮನೆ ಬಾಗಿಲಿಗೆ ಹೋಗ್ಲಿ? ಒಳಕ್ಕೆ ಕರೀತಾನಾ?"

ಕೊನೆಯ ಪ್ರಶ್ನೆ ಕೇಳುವಾಗ ಅವರ ಕಣ್ಣಿನಲ್ಲಿ ಬರೀ ಭಯವಿತ್ತು.

ಜೀಪಿನ ಹತ್ತಿರ ಬಂದು ಡಾಕ್ಟರಿಗೆ ಫೋನ್ ಮಾಡಿದೆ. ನಮ್ಮ ತಂಡದಲ್ಲಿ ಒಂದು ಕಟ್ಟುನಿಟ್ಟಿನ ನಿಯಮ: ರೋಗಿ ತಾನಾಗಿ ಎತ್ತದ ಹೊರತು ದೇವರ ಮಾತು ನಾವು ಎತ್ತುವಂತಿಲ್ಲ. ಕ್ರೈಸ್ತಳಾದ ನಾನು ಅದನ್ನು ಬಹಳ ಸ್ಟ್ರಿಕ್ಟಾಗಿ ಪಾಲಿಸುತ್ತಿದ್ದೆ. ಡಾಕ್ಟರು ಅಜ್ಜಂಪುರದ ಕಡೆಯವರು, ಮಠದ ಭಕ್ತರ ಮನೆತನ. ಅವರು ಹೇಳಿದ್ದು ಇಷ್ಟೇ: "ಮೇಡಂ, ಇದು ಟೋಟಲ್ ಪೇನ್. ನೋವಿನ ಬೇರು ಅಲ್ಲಿದ್ದರೆ ಟ್ರೀಟ್‌ಮೆಂಟೂ ಅಲ್ಲೇ. ಅವರೇ ಎತ್ತಿದ್ದಾರಲ್ಲ, ಮಾತಾಡಿ. ಇದು ನನಗಿಂತ ನಿಮಗೆ ಗೊತ್ತು."

ಟೋಟಲ್ ಪೇನ್ ಎಂದರೆ ಮೂಳೆಯ ನೋವು, ಮನಸ್ಸಿನ ಭಯ, ಮನೆಯ ಚಿಂತೆ, ನಂಬಿಕೆಯ ತೊಡಕು ಎಲ್ಲ ಒಂದೇ ಗಂಟಾಗಿರುವುದು. ಮಾತ್ರೆ ಒಂದು ಎಳೆಯನ್ನು ಬಿಡಿಸಬಲ್ಲದು, ಉಳಿದದ್ದನ್ನಲ್ಲ.

ನನಗೆ ಗೊತ್ತಿತ್ತೇ? ಜೀಪಿಗೆ ಒರಗಿಕೊಂಡು ನಿಂತವಳಿಗೆ ಚಿಕ್ಕಮಗಳೂರಿನ ಕಾನ್ವೆಂಟ್ ಬೋರ್ಡಿಂಗ್ ನೆನಪಾಯಿತು. ಮಂಡಿ ತರಚಿದರೆ, ಊರಿನ ನೆನಪಾಗಿ ಅಳು ಬಂದರೆ, ನಮ್ಮ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಹೇಳುತ್ತಿದ್ದುದು ಒಂದೇ: "ಆಫರ್ ಇಟ್ ಅಪ್, ಚೈಲ್ಡ್." ನಿನ್ನ ನೋವನ್ನು ದೇವರಿಗೆ ಅರ್ಪಿಸು. ನಾನು ಬೆಳೆದದ್ದೇ ಆ ಮಾತಿನಲ್ಲಿ. ರಾಹೇಲಮ್ಮ ಮಾಡುತ್ತಿರುವುದೂ ಅದೇ ಅಲ್ಲವೇ ಎಂದು ಒಂದು ಕ್ಷಣ ಅಳುಕಿದೆ. ಆದರೆ ಒಂದು ಸಲ ನನಗೆ ಹಲ್ಲುನೋವು ಬಂದು ಕೆನ್ನೆ ಊದಿದಾಗ ಅದೇ ಸಿಸ್ಟರ್ ಪಾಠ ಅರ್ಧಕ್ಕೆ ನಿಲ್ಲಿಸಿ, ನನ್ನ ಕೈ ಹಿಡಿದು ಡೆಂಟಿಸ್ಟ್ ಹತ್ತಿರ ದರದರನೆ ನಡೆಸಿಕೊಂಡು ಹೋಗಿದ್ದರು. "ಆಫರ್ ಇಟ್ ಅಪ್ ಅಂದಿರಲ್ಲ ಸಿಸ್ಟರ್" ಎಂದು ನಾನು ಊದಿದ ಬಾಯಲ್ಲೇ ಕೇಳಿದ್ದಕ್ಕೆ ಅವರು ಹೇಳಿದ್ದು: "ದೇವರಿಗೆ ಪ್ರೀತಿಯಿಂದ ಕೊಡು ಅಂದೆ, ಬೆಲೆ ತೆರು ಅಂತ ಹೇಳಲಿಲ್ಲ. ಬೆಲೆ ಯೇಸು ಆಗಲೇ ತೆತ್ತಿದ್ದಾನೆ. ನಡೀ."

ಕ್ರೈಸ್ತರ ರಕ್ಷಣೆಯ ನಂಬಿಕೆ ಇರುವುದೇ ಅಲ್ಲಿ. ಮನುಷ್ಯ ತನ್ನ ಪುಣ್ಯದಿಂದಲೋ ದುಡಿಮೆಯಿಂದಲೋ ದೇವರ ಮನೆಯ ಬಾಗಿಲು ತೆಗೆಸಲಾರ. ಯೇಸು ತನ್ನ ಮರಣದಿಂದ ಅದನ್ನು ತೆಗೆದಿಟ್ಟಿದ್ದಾನೆ. ನಂಬಿ ಒಳಗೆ ಹೋಗುವುದಷ್ಟೇ ನಮಗೆ ಉಳಿದದ್ದು. ಒಳ್ಳೆಯ ಕೆಲಸ ಮಾಡುತ್ತೇವೆ, ಮಾಡಲೇಬೇಕು. ಆದರೆ ಅದು ಒಳಗೆ ಸೇರಿಸಿಕೊಂಡವನ ಮೇಲಿನ ಪ್ರೀತಿಗೆ. ಧರ್ಮಪಾಠದ ಕ್ಯಾಟೆಕಿಸಂ ತರಗತಿಯಲ್ಲಿ ಇದನ್ನು ಇಂಗ್ಲಿಷಿನಲ್ಲಿ ಪಟಪಟನೆ ಒಪ್ಪಿಸಿ, ಸಂತರ ಚಿತ್ರವಿರುವ ಹೋಲಿ ಪಿಕ್ಚರ್ ಬಹುಮಾನ ಗೆದ್ದವಳು ನಾನು. ಆ ಇಂಗ್ಲಿಷ್ ಈಗ ಪಂಚನಹಳ್ಳಿಯ ಕಡೆ ಯಾವ ಉಪಯೋಗಕ್ಕೂ ಬರುತ್ತಿರಲಿಲ್ಲ. ರಾಹೇಲಮ್ಮನಿಗೆ ಅರ್ಥವಾಗುವುದು ಹೊಲ.

ಒಳಗೆ ಹೋಗಿ ಮಂಚದ ಪಕ್ಕ ಕೂತು, ಮತ್ತೆ ಗೋಡೆಗೆ ತಿರುಗಿದ್ದ ರಾಹೇಲಮ್ಮನನ್ನು ಬಿಟ್ಟು ಪಾರ್ವತಮ್ಮನನ್ನು ಕೇಳಿದೆ. "ಊರಿನಲ್ಲಿ ಯಾವಾಗಲಾದರೂ ಮುಯ್ಯಿಗೆ ಹಿಡಿಯದೆ ಆಳು ಕೊಟ್ಟದ್ದಿದೆಯಾ? ತಿರುಗಿ ಬರಬೇಡ ಅಂತ?"

"ಐತೆ ಕಣ್ರೀ. ಸಾವಿನ ಮನೆಗೆ, ಬಾಣಂತಿ ಮನೆಗೆ. ಅದುನ್ನ ಮುಯ್ಯಿಗೆ ಹಿಡಿಯಕ್ಕಿಲ್ಲ." ಅವರು ತಟಕ್ಕನೆ ಗೆಳತಿಯ ಕಡೆ ತಿರುಗಿದರು. "ಇವಳದ್ದೇ ಇಲ್ವಾ! ಈ ಸುನೀತ ಹುಟ್ಟಿದಾಗ ಇವಳು ಸತ್ತು ಬದುಕಿ ಕಡೂರು ಆಸ್ಪತ್ರೇಲಿ ಬಿದ್ದಿದ್ಲು. ರಾಗಿ ಹೊಲದಲ್ಲಿ ಉದುರ್ತಾ ನಿಂತಿತ್ತು. ನಾವೆಲ್ಲ ಬಿದ್ದು ಕೊಯ್ದು, ಒಕ್ಕಿ, ತೂರಿ, ಇವಳ ಮನೆಗೆ ತುಂಬಿಸಿದ್ವಿ. ಇವಳು ಎದ್ದು ಓಡಾಡೋ ಹಂಗಾದೇಟ್ಗೆ ಏನ್ ಮಾಡಿದ್ಲು ಗೊತ್ತಾ? ಕುಡುಗೋಲು ಹಿಡ್ಕಂಡು ನನ್ ಬಾಗಿಲಿಗೆ ಬಂದ್ಬಿಟ್ಲು, ಮುಯ್ಯಿ ತೀರಿಸ್ತೀನಿ ಅಂತ!"

"ನೀವೇನು ಮಾಡಿದಿರಿ?"

"ಮಾಡೋದೇನು, ಬೈದೆ! ನನ್ನ ಕೂಲಿಯೋಳು ಅಂದ್ಕಂಡ್ಯೇನೇ, ಕುಡುಗೋಲು ಕೆಳಗಿಡು, ಬಾ ಒಳಕ್ಕೆ, ರೊಟ್ಟಿ ತಿನ್ನು ಅಂದೆ. ಅಳ್ತಾ ತಿಂದ್ಲು. ಮೂರ್ ರೊಟ್ಟಿ ತಿಂದ್ಲು ಮತ್ತೆ!"

"ಎರಡು ಕಣೇ," ಎಂದರು ರಾಹೇಲಮ್ಮ ಗೋಡೆಯ ಕಡೆಯಿಂದ.

ನನ್ನ ಸರ್ವಿಸಿನ ಅತ್ಯಂತ ಮುಖ್ಯವಾದ ಮಾತು ಆಗ ಬಾಯಿಗೆ ಬಂತು. ಎಲ್ಲಿಂದ ಬಂತೆಂದು ನನಗೆ ಗೊತ್ತು, ಹೇಳಿಕೊಳ್ಳುವುದಿಲ್ಲ.

"ರಾಹೇಲಮ್ಮ, ಪಾರ್ವತಮ್ಮನ ಮನಸ್ಸಿಗಿಂತ ನಿಮ್ಮ ಯೇಸುವಿನ ಮನಸ್ಸು ಚಿಕ್ಕದಾ?"

ಅವರು ನಿಧಾನವಾಗಿ ಈ ಕಡೆ ತಿರುಗಿದರು. ಆ ಬೆನ್ನಿಗೆ ಅದು ಎಂಥ ಕಷ್ಟವೆಂದು ನನಗೆ ಗೊತ್ತಿತ್ತು.

"ಅವನು ಬಂದಾಗ ನೀವು ಏಳಲಾರದೆ ಬಿದ್ದಿದ್ದಿರಿ," ಎಂದೆ. "ನಾವೆಲ್ಲ ಬಿದ್ದಿದ್ದೆವು. ಅವನೊಬ್ಬನೇ ಹೊಲಕ್ಕಿಳಿದು ಕೊಯ್ದು, ಒಕ್ಕಿ, ನಿಮ್ಮ ಮನೆ ತುಂಬಿಸಿದ್ದಾನೆ. ಕೆಲಸ ಮುಗಿದಿದೆ. ಈಗ ಕುಡುಗೋಲು ಹಿಡಿದು ಯಾವ ಹೊಲಕ್ಕೆ ಹೋಗ್ತೀರಿ? ಅಲ್ಲಿರೋದು ಕೊಯ್ದು ಉಳಿದ ಬರೀ ಕೂಳೆ. ಅವನು ಬಾಗಿಲಲ್ಲಿ ನಿಂತು ಒಳಕ್ಕೆ ಬಾ, ಊಟ ಮಾಡು ಅಂತಿದ್ದಾನೆ. ನೀವು ಹೊಲದಲ್ಲೇ ಬಿಸಿಲಿಗೆ ನಿಂತಿದ್ದೀರಿ."

"ಹಂಗಾರೆ ನಾನು ಏನೂ ಕೊಡ್ಬ್ಯಾಡ್ವಾ?" ಹೊಲದವಳಿಗೆ ಇದು ನಂಬಲಾಗದ ಮಾತು.

"ಪಾರ್ವತಮ್ಮನಿಗೆ ಆಮೇಲೆ ಏನು ಕೊಟ್ಟಿರಿ?"

ರಾಹೇಲಮ್ಮ ಗೆಳತಿಯ ಮುಖ ನೋಡಿದರು. "ಏನೂ ಕೊಡ್ಲಿಲ್ಲ. ಜೊತೇಲಿದ್ದೆ."

"ಅಷ್ಟು ಸಾಕಂತೆ ಅವನಿಗೂ."

"ನಂಗೆ ನಿಮ್ ಯೇಸು ವಿಷ್ಯ ಗೊತ್ತಿಲ್ಲ ಕಣ್ರೀ ಸಿಸ್ಟರ್," ಎಂದರು ಪಾರ್ವತಮ್ಮ, ಮೂಗು ಒರೆಸಿಕೊಂಡು. "ಇವಳ ವಿಷ್ಯ ಗೊತ್ತು. ಬೈದು ಕರೆಯೋಗಂಟ ಒಳಕ್ಕೆ ಬರೋಳಲ್ಲ ಇವಳು. ಲೇ, ಕೆಳಗಿಡೇ ಅದನ್ನ."

ರಾಹೇಲಮ್ಮ ಮತ್ತೆ ಹಲ್ಲಿಗೆ ಕಚ್ಚಿಕೊಂಡಿದ್ದ ಸೆರಗನ್ನು ಬಿಟ್ಟರು. ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದರು, ಅದು ನಮಗಲ್ಲ. ಆಮೇಲೆ ಬಾಯಿ ತೆರೆದರು. ಮಾತ್ರೆ ನಾನೇ ಹಾಕಿ ನೀರು ಕುಡಿಸಿದೆ. ಪಳಗಿದ ನರ್ಸ್ ನಾನು, ನೀರು ಅರ್ಧ ಅವರ ಕುತ್ತಿಗೆ ಮೇಲೆ ಚೆಲ್ಲಿದೆ.

ಅವತ್ತು ನಾನು ಜೀಪು ಹೊರಡಿಸಲು ತಡಮಾಡಿದೆ. ಸ್ವಲ್ಪ ಹೊತ್ತಿಗೆ ಹಣೆಯ ಗಂಟು ಸಡಿಲವಾಯಿತು, ಮುಷ್ಟಿ ಬಿಚ್ಚಿಕೊಂಡಿತು, ನಿದ್ದೆ ಬಂತು. ಮನೆ ಮುಂದಿನ ಹಟ್ಟಿಯಲ್ಲಿ ಕೂತು ಪಾರ್ವತಮ್ಮ ನನಗೆ ಎಳನೀರು ಕೆತ್ತಿ ಕೊಟ್ಟರು.

ನೋವು ಪೂರ್ತಿ ಹೋಗಲಿಲ್ಲ. ಮಾತ್ರೆಯ ಪ್ರಮಾಣ ಡಾಕ್ಟರು ಎರಡು ಸಲ ಏರಿಸಿದರು. ಆದರೆ ರಾಹೇಲಮ್ಮ ದಿಂಬಿಗೆ ಒರಗಿ ಕೂರುವಂತಾದರು. ಪಾರ್ವತಮ್ಮ ತಲೆ ಬಾಚಲು ಬಂದರೆ ಬೇಡ ಎನ್ನಲಿಲ್ಲ, ಸಿಕ್ಕು ಬಿಡಿಸುವಾಗ ಬೈದರು ಅಷ್ಟೇ. ಭಾನುವಾರ ಆ ನಾಲ್ಕಾರು ಮನೆಯವರು ಅವರ ಮಂಚದ ಸುತ್ತಲೇ ಪ್ರಾರ್ಥನೆ ಮಾಡಿದರು. ಪಾರ್ವತಮ್ಮ ಹೊಸ್ತಿಲ ಮೇಲೆ ಕೂತು ಲಿಂಗ ಹಿಡಿದುಕೊಂಡು ಕೇಳಿದರಂತೆ, ಹಾಡು ಉದ್ದವಾಯಿತೆಂದು ಆಕ್ಷೇಪಣೆ ಮಾಡಿದರಂತೆ.

ನಾನು ಕೊನೆಯ ಸಲ ಹೋದ ದಿನ, ಎಷ್ಟಿದೆ ರಾಹೇಲಮ್ಮ ಎಂದೆ. ಎರಡು ಬೆರಳು ತೋರಿಸಿದರು. ಇನ್ನೊಂದು ಡೋಸ್ ಕೊಡಲಾ ಎಂದೆ.

"ಇರ್ಲಿ ಬಿಡಿ ಸಿಸ್ಟರ್," ಎಂದು ನಕ್ಕರು. "ಇದು ಮುಯ್ಯಿ ಅಲ್ಲ. ಸುಮ್ನೆ ನೋವು."

ಆ ವಾರವೇ ಒಂದು ಮಧ್ಯಾಹ್ನ, ಊಟದ ಹೊತ್ತಿನಲ್ಲಿ ಹೋದರು. ಗೆಳತಿಯ ಕೈಯಲ್ಲಿ ಕೈ ಇತ್ತು, ಮುಖದಲ್ಲಿ ಭಯ ಇರಲಿಲ್ಲ ಎಂದು ಸುನೀತ ಫೋನಿನಲ್ಲಿ ಹೇಳಿದಳು. ಐ ಕ್ರೈಡ್, ಮತ್ತು ನನಗೆ ಹೆಮ್ಮೆಯೂ ಆಯಿತು. ಯೂನಿಫಾರಂ ಹಾಕಿದ ಎಲ್ಲ ವರ್ಷಗಳೂ ಆ ಒಂದು ಫೋನಿಗಾಗಿ ಇದ್ದವೇನೋ ಎನ್ನಿಸಿತು.

ಕೊಡುವುದನ್ನು ನರ್ಸಿಂಗ್ ಸ್ಕೂಲಿನಲ್ಲಿ ಕಲಿಸುತ್ತಾರೆ. ತಗೊಳ್ಳುವುದು ಅದಕ್ಕಿಂತ ಕಷ್ಟ ಎಂಬುದನ್ನು ನನಗೆ ಕಲಿಸಿದ್ದು ಈ ಕೆಲಸ. ದುಡಿದು ಬದುಕಿದವರಿಗಂತೂ ಅದು ಬಹಳ ಕಷ್ಟ. ದೇವರ ಕೈಯಿಂದ ತಗೊಳ್ಳುವುದು ಎಲ್ಲಕ್ಕಿಂತ ಕಷ್ಟ.

ಈಗ ನನ್ನ ಸರದಿ. ಸೊಂಟದ ಆಪರೇಷನ್ ಆಗಿ ತರೀಕೆರೆಯ ಮನೆಯಲ್ಲಿದ್ದೇನೆ. ಸ್ನಾನ ಮಾಡಿಸಲು ನಮ್ಮ ಹಳೆಯ ತಂಡದ ಹೊಸ ನರ್ಸ್ ಒಬ್ಬಳು ಬರುತ್ತಾಳೆ. ಮೊದಲ ದಿನ ಅವಳು ಬೆನ್ನಿಗೆ ಸೋಪು ಹಚ್ಚುವಾಗ, ಬೇಡಮ್ಮ, ನಾನೇ ಮಾಡ್ಕೋತೀನಿ ಎಂದು ಹೇಳಲು ಹೊರಟವಳು ರಾಹೇಲಮ್ಮನನ್ನು ನೆನೆದು ಬಾಯಿ ಮುಚ್ಚಿಕೊಂಡೆ. ನೀರು ಹದವಾಗಿ ಬಿಸಿಯಿತ್ತು.

"ಇನ್ನೊಂದು ಚೊಂಬು ಹಾಕಮ್ಮ," ಎಂದೆ.